ಜಿಸಾಕ್, ಔಟ್‌ರೀಚಿ ತರಹದ ಕಾರ್ಯಕ್ರಮಗಳಿಗೆ ಹಾಸನದಿಂದ ತಯಾರಿ: ಎಲ್ಲಿಂದ ಶುರು ಮಾಡಲಿ?

ಯಗಚಿ_ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಿಎಸ್ ಐದನೇ ಸೆಮಿಸ್ಟರ್ ಓದ್ತಿದೀನಿ, ವಿಟಿಯು. ಮನೆ ಬೇಲೂರು ಹತ್ತಿರದ ಹಳ್ಳಿ, ರಜೆಯಲ್ಲೆಲ್ಲ ಅಲ್ಲೇ. ಪೈಥಾನ್ ಚೆನ್ನಾಗಿ ಬರುತ್ತೆ, ಜಾವಾಸ್ಕ್ರಿಪ್ಟ್ ಅಷ್ಟಕ್ಕಷ್ಟೆ. ಕೋಡ್‌ನ ಬದಲಾವಣೆಗಳನ್ನ ದಾಖಲಿಸಿಡುವ ಗಿಟ್‌ನಲ್ಲಿ ಕಮಿಟ್ (ಬದಲಾವಣೆ ಉಳಿಸೋದು), ಪುಶ್ (ಸರ್ವರ್‌ಗೆ ಕಳಿಸೋದು) ಬಿಟ್ಟರೆ ಹೆಚ್ಚು ಗೊತ್ತಿಲ್ಲ. ಲ್ಯಾಪ್‌ಟಾಪ್ 8 ಜಿಬಿ, ವಿಂಡೋಸ್.

ಮೆಂಟರ್ (ಮಾರ್ಗದರ್ಶಿ) ಇಟ್ಟುಕೊಂಡು ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ ತಂತ್ರಾಂಶದ, ಕೆಲಸ ಕಲಿಸುವ ಕಾರ್ಯಕ್ರಮಗಳಲ್ಲಿ ಯಾವುದಕ್ಕೆ ಹಾಕಬೇಕು? ಅರ್ಜಿ ಮಾರ್ಚ್‌ನಲ್ಲಿ ಅಂತಾರೆ, ಹಾಗಾದ್ರೆ ಫೆಬ್ರವರಿಯಲ್ಲಿ ಶುರು ಮಾಡಿದ್ರೆ ಸಾಕಾ? ಜೂನ್-ಜುಲೈನಲ್ಲಿ ನಮಗೆ ಪರೀಕ್ಷೆ, ಅದನ್ನ ಹೇಗೆ ಹೊಂದಿಸೋದು?

ಬಾಬಾಬುಡನ್_ಕಾಫಿ

ಫೆಬ್ರವರಿ ತಡ ಆಯ್ತು ಅಂತಲೇ ಇಟ್ಟುಕೊಳ್ಳಿ. ಈಗ ಹಾಸನಾಂಬೆ ಬಾಗಿಲು ಹಾಕಿದ್ದಾರಷ್ಟೆ, ಇಲ್ಲಿಂದ ಏಪ್ರಿಲ್ ಶುರುವಿನವರೆಗೆ ಐದು ತಿಂಗಳು ಕೈಯಲ್ಲಿದೆ. ಆ ಐದು ತಿಂಗಳೇ ನಿಮ್ಮ ನಿಜವಾದ ಅರ್ಜಿ.

ಮೊದಲು ಕಾರ್ಯಕ್ರಮಗಳ ವಿಷಯ ಬೇಗ ಮುಗಿಸ್ತೀನಿ. ಗೂಗಲ್ ಸಮ್ಮರ್ ಆಫ್ ಕೋಡ್, ಅಂದ್ರೆ ಜಿಸಾಕ್, 2005ರಿಂದ ನಡೀತಿದೆ. 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕಿಲ್ಲ, 18 ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಯಾರೂ ಹಾಕಬಹುದು. ಕೆಲಸದ ಗಾತ್ರ ಸುಮಾರು 90, 175 ಅಥವಾ 350 ಗಂಟೆ. ಸಾಮಾನ್ಯವಾಗಿ ಸಂಸ್ಥೆಗಳ ಪಟ್ಟಿ ಫೆಬ್ರವರಿ ಕೊನೆಗೆ, ಅರ್ಜಿ ಮಾರ್ಚ್ ಮಧ್ಯಕ್ಕೋ ಕೊನೆಗೋ ಶುರುವಾಗಿ ಏಪ್ರಿಲ್ ಶುರುವಿನ ಆಸುಪಾಸು ಮುಗಿಯುತ್ತೆ, ಆಯ್ಕೆ ಮೇ ಆಸುಪಾಸು. ಔಟ್‌ರೀಚಿ ವರ್ಷಕ್ಕೆ ಎರಡು ಸಲ. ತಂತ್ರಜ್ಞಾನ ಕ್ಷೇತ್ರದಲ್ಲಿ ತಾರತಮ್ಯಕ್ಕೆ ಸಿಕ್ಕಿದವರಿಗೆ, ಕಡಿಮೆ ಪ್ರಾತಿನಿಧ್ಯ ಇರುವವರಿಗೆ ಅಂತಲೇ ಮಾಡಿದ್ದು. ವಾರಕ್ಕೆ 30 ಗಂಟೆಯಂತೆ 13 ವಾರ. ಅಲ್ಲಿ ಮೊದಲು ಪ್ರಬಂಧ ರೂಪದ ಉತ್ತರಗಳು, ಅದರಲ್ಲಿ ಪಾಸಾದವರಿಗೆ ಮಾತ್ರ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡಿ ತೋರಿಸುವ ಹಂತ. ಲಿನಕ್ಸ್ ಫೌಂಡೇಶನ್‌ನ ಎಲ್‌ಎಫ್‌ಎಕ್ಸ್ ಮೆಂಟರ್‌ಶಿಪ್ ವರ್ಷಕ್ಕೆ ಮೂರು ಸಲ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇ ಬಳಗದ ಸೀಸನ್ ಆಫ್ ಕೆಡಿಇ ಚಳಿಗಾಲದಲ್ಲಿ ಬರುತ್ತೆ. ಅದರಲ್ಲಿ ಹಣ ಇಲ್ಲ, ಆದರೆ ಕಲಿಯೋಕೆ ಒಳ್ಳೆ ಜಾಗ.

ಈಗ ಮುಖ್ಯ ವಿಷಯ. ಕಾರ್ಯಕ್ರಮ ಆರಿಸಬೇಡಿ, ಪ್ರಾಜೆಕ್ಟ್ ಆರಿಸಿ. ಮೆಂಟರ್ ಕಣ್ಣಿಗೆ ಏಪ್ರಿಲ್‌ನಲ್ಲಿ ಇಪ್ಪತ್ತು-ಮೂವತ್ತು ಪ್ರಪೋಸಲ್ ಬೀಳುತ್ತವೆ ಅಂತಿಟ್ಟುಕೊಳ್ಳಿ. ಎಲ್ಲವೂ ನೋಡೋಕೆ ಚಂದ. ಇವರಲ್ಲಿ ಯಾರು ರಿವ್ಯೂನಲ್ಲಿ ಬೈಸಿಕೊಂಡ ಮೇಲೂ ತಿದ್ದಿ ವಾಪಸ್ ತಂದರು ಅನ್ನೋದು ಪ್ರಪೋಸಲ್‌ನಲ್ಲಿ ಕಾಣಲ್ಲ, ಹಳೆಯ ಪ್ಯಾಚ್‌ಗಳಲ್ಲಿ, ಅಂದ್ರೆ ಹಿಂದೆ ಕಳಿಸಿದ ಕೋಡ್ ತಿದ್ದುಪಡಿಗಳಲ್ಲಿ, ಕಾಣುತ್ತೆ. ಡಿಸೆಂಬರ್‌ನಲ್ಲಿ ಮರ್ಜ್ ಆದ (ಪ್ರಾಜೆಕ್ಟ್‌ಗೆ ಸೇರಿದ) ಹತ್ತು ಸಾಲಿನ ಪ್ಯಾಚ್‌ಗೆ ಇರುವ ತೂಕ ಹದಿನೈದು ಪುಟದ ಪಿಡಿಎಫ್‌ಗೆ ಇಲ್ಲ.

ಪ್ರಾಜೆಕ್ಟ್ ಆರಿಸುವಾಗ ಜಿಸಾಕ್‌ನ ಹಳೆ ವರ್ಷಗಳ ಪಟ್ಟಿ ತೆಗೆದು, ಹಿಂದಿನ ಮೂರು ವರ್ಷ ಸತತವಾಗಿ ಬಂದ ಸಂಸ್ಥೆಗಳನ್ನ ಗುರುತು ಹಾಕಿಕೊಳ್ಳಿ. ಆಮೇಲೆ ಅವರ ರೆಪೊ (ಕೋಡ್ ಇಟ್ಟಿರುವ ಜಾಗ) ತೆಗೆದು, ಹೊರಗಿನವರ ಪುಲ್ ರಿಕ್ವೆಸ್ಟ್‌ಗೆ (ನಮ್ಮ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಮನವಿಗೆ) ಮೊದಲ ಉತ್ತರ ಎಷ್ಟು ದಿನಕ್ಕೆ ಬಂದಿದೆ ನೋಡಿ. ಒಂದು ವಾರದೊಳಗೆ ಯಾರಾದರೂ ಮಾತಾಡಿದ್ದರೆ ಸರಿ. ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದರೆ, ಎಷ್ಟೇ ದೊಡ್ಡ ಹೆಸರಾದರೂ ಬಿಡಿ. ನಿಮಗೆ ಪೈಥಾನ್ ಬರುತ್ತೆ ಅಂದ್ರೆ ಗಣಿತದ ಲೈಬ್ರರಿ ಸಿಂಪೈ, ಚಾಟ್ ತಂತ್ರಾಂಶ ಜುಲಿಪ್, ವಿಕಿ ಪುಟಗಳ ಕೆಲಸ ತಾನಾಗಿ ಮಾಡಿಸುವ ವಿಕಿಮೀಡಿಯಾದ ಪೈವಿಕಿಬಾಟ್ ನೋಡಬಹುದು. ಸಿಂಪೈನವರು ಅರ್ಜಿದಾರರಿಂದ ಮುಂಚೆಯೇ ಒಂದು ಪ್ಯಾಚ್ ಕೇಳ್ತಾರೆ, ಅದರ ಸೆಟಪ್ಪೂ ಹಗುರ. ಪೈವಿಕಿಬಾಟ್‌ನಲ್ಲಿ ಕೋಡ್ ರಿವ್ಯೂ ಗೆರಿಟ್ ಅನ್ನುವ ಬೇರೆ ತಾಣದಲ್ಲಿ. ಗಿಟ್‌ಹಬ್ ಅಭ್ಯಾಸದಲ್ಲಿ ತಿದ್ದುಪಡಿಗೆ ಹೊಸ ಕಮಿಟ್ ಹಾಕಿದ್ರೆ ಅಲ್ಲಿ ಅದು ಬೇರೆಯೇ ರಿವ್ಯೂ ಆಗಿ ನಿಲ್ಲುತ್ತೆ. ಅದೇ ಕಮಿಟ್ ಅಮೆಂಡ್ ಮಾಡಿ (ಹಳೆಯದನ್ನೇ ತಿದ್ದಿ), ಕಮಿಟ್ ಸಂದೇಶದ ಚೇಂಜ್ ಐಡಿ ಸಾಲು ಮುಟ್ಟದೆ ಕಳಿಸಬೇಕು.

ಒಂದೇ ಪ್ರಾಜೆಕ್ಟ್, ಹೆಚ್ಚೆಂದರೆ ಎರಡು. ಜಿಸಾಕ್‌ನಲ್ಲಿ ಮೂರು ಪ್ರಪೋಸಲ್ ಹಾಕಬಹುದು ನಿಜ, ಆದರೆ ಮೂರು ಕಡೆ ಕಾಲಿಟ್ಟವರ ಮೂರೂ ಪ್ರಪೋಸಲ್ ತೆಳ್ಳಗಾಗುತ್ತವೆ.

ಘಾಟಿ_ಮಳೆ

ಮೇಲಿನವರು ಹೇಳಿದ್ದಕ್ಕೆ ಯಂತ್ರ, ನೆಟ್ ವಿಷಯ ಸೇರಿಸ್ತೀನಿ. ಮಲೆನಾಡು ಕಡೆಯವರು ನಿಲ್ಲೋದು ಹೆಚ್ಚಾಗಿ ಇಲ್ಲೇ.

ವಿಂಡೋಸ್‌ನಲ್ಲೇ ಇರೋದಾದ್ರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ 2 ಹಾಕಿ. ಕೋಡನ್ನ ಸಿ ಡ್ರೈವ್‌ನಲ್ಲಿ ಇಟ್ಟು ಲಿನಕ್ಸ್ ಒಳಗಿಂದ ತೆಗೆಯಬೇಡಿ, ಫೈಲ್ ಓದೋದು ತುಂಬ ನಿಧಾನ ಆಗುತ್ತೆ. ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಕ್ಲೋನ್ ಮಾಡಿ (ರೆಪೊದ ಪ್ರತಿ ಇಳಿಸಿಕೊಳ್ಳಿ). ವಿಂಡೋಸ್ ಗಿಟ್‌ನಲ್ಲಿ ಸಾಲಿನ ಕೊನೆಯ ಅಕ್ಷರ ತಾನಾಗೇ ಬದಲಾಗುವ ಸೆಟ್ಟಿಂಗ್ ಇದೆ, ಆಟೋಸಿಆರ್‌ಎಲ್‌ಎಫ್. ಅದು ಎಡವಟ್ಟಾದರೆ ನೀವು ತಿದ್ದಿದ್ದು ಎರಡು ಸಾಲು, ಡಿಫ್‌ನಲ್ಲಿ (ಏನೇನು ಬದಲಾಯ್ತು ಅನ್ನುವ ಪಟ್ಟಿಯಲ್ಲಿ) ಕಾಣೋದು ಇಡೀ ಫೈಲ್. ರಿವ್ಯೂ ಮಾಡುವವರು ಅಲ್ಲೇ ಮುಚ್ಚಿಬಿಡ್ತಾರೆ. ಕಳಿಸುವ ಮುಂಚೆ ಗಿಟ್ ಡಿಫ್ ಒಂದು ಸಲ ಪೂರ್ತಿ ಓದಿ.

8 ಜಿಬಿಯಲ್ಲಿ ಸಿ++ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ ನಡುವೆ ಬರೀ 'ಕಿಲ್ಡ್' ಅಂತ ಬಂದು ನಿಂತರೆ ಕೋಡ್ ತಪ್ಪಲ್ಲ, ಮೆಮೊರಿ ಸಾಲದು. ಬಿಲ್ಡ್ ಮಾಡುವ ಸಾಧನ ನಿಂಜಾ ತಾನಾಗಿ ನಿಮ್ಮ ಕೋರ್‌ಗಳ ಸಂಖ್ಯೆಗಿಂತ ಎರಡು ಹೆಚ್ಚು ಕೆಲಸ ಒಟ್ಟಿಗೆ ಓಡಿಸುತ್ತೆ. ಜೆ ಆಪ್ಶನ್ ಕೊಟ್ಟು 2ಕ್ಕೆ ಇಳಿಸಿ. ಹಿಂದೆ ಕಂಪೈಲ್ ಆದದ್ದನ್ನ ಉಳಿಸಿಟ್ಟುಕೊಳ್ಳುವ ಸಿಕ್ಯಾಶ್ ಹಾಕಿದ್ರೆ ಎರಡನೇ ಸಲದ ಬಿಲ್ಡ್ ಬೇಗ ಮುಗಿಯುತ್ತೆ. ಅದೂ ಆಗದಿದ್ದರೆ ನೆಟ್ ಮೂಲಕ ಬೇರೆ ಕಡೆಯ ಯಂತ್ರ ಬಳಸಲು ಕೊಡುವ ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲಿ ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತ. ಎರಡು ಕೋರ್ ಯಂತ್ರ ತಗೊಂಡರೆ ಅದು 60 ಗಂಟೆ. ಕೆಲಸ ಮುಗಿದ ಕೂಡಲೇ ನಿಲ್ಲಿಸಿ, ಸುಮ್ಮನೆ ತೆರೆದಿಟ್ಟರೂ ಗಂಟೆ ಓಡುತ್ತೆ.

ನೆಟ್ ವಿಷಯಕ್ಕೆ ಬಂದರೆ, ಗಿಟ್ ಕ್ಲೋನ್ ಅರ್ಧಕ್ಕೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯಲ್ಲ, ಮೊದಲಿಂದ ಶುರು. 1 ಜಿಬಿಯ ರೆಪೊ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಾಲ್ಕು ಸಲ ಶುರು ಮಾಡಿದರೆ ದಿನದ ಡೇಟಾ ಹೋಯ್ತು. ಅದಕ್ಕೆ ಡೆಪ್ತ್ 1 ಕೊಟ್ಟು (ಕೊನೆಯ ಒಂದು ಕಮಿಟ್ ಮಾತ್ರ) ಕ್ಲೋನ್ ಮಾಡಿ, ಆಮೇಲೆ ಫೆಚ್‌ನಲ್ಲಿ ಡೀಪನ್ ಆಪ್ಶನ್ ಕೊಟ್ಟು ಐನೂರು ಐನೂರು ಕಮಿಟ್ ಹಿಂದಕ್ಕೆ ಇಳಿಸಿಕೊಳ್ಳಿ. ಡೆಪ್ತ್ 1ರಲ್ಲೇ ನಿಂತುಬಿಟ್ಟರೆ ಮಾತ್ರ ಕಷ್ಟ. ಯಾವ ಸಾಲು ಯಾವ ಕಮಿಟ್‌ನದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಕೇಳಿದರೆ ಎಲ್ಲ ಸಾಲೂ ಒಂದೇ ಕಮಿಟ್‌ನದ್ದು ಅನ್ನುತ್ತೆ. ಈ ಸಾಲು ಯಾಕೆ ಹೀಗಿದೆ, ಯಾರು ಯಾವ ಇಶ್ಯೂಗೆ (ದಾಖಲಾದ ದೂರಿಗೆ) ಬರೆದರು ಅನ್ನೋದು ತಿಳಿಯದೆ ಬಗ್ ತಿದ್ದೋಕೆ ಆಗಲ್ಲ. ಕಾಲೇಜಿನ ವೈಫೈ ಸಿಕ್ಕಾಗ ಪೂರ್ತಿ ಇತಿಹಾಸ ತಂದಿಟ್ಟುಕೊಳ್ಳಿ.

ಮುಖ್ಯವಾಗಿ ಮಳೆ. ಜಿಸಾಕ್ ಕೋಡಿಂಗ್ ಅವಧಿ ಜೂನ್ ಆಸುಪಾಸು ಶುರು, ನಡುವಿನ ಮೌಲ್ಯಮಾಪನ ಜುಲೈ ಮಧ್ಯಕ್ಕೆ. ಅಂದ್ರೆ ಪುನರ್ವಸು ಮಳೆ ಹಿಡಿದು ಹೊಯ್ಯುವ ವಾರ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಟವರ್ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. ಮನೆಗೆ ಫೈಬರ್ ಇದ್ದರೆ ಅದರ ಮೋಡೆಮ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುತ್ತೆ, ಸಾಮಾನ್ಯವಾಗಿ 12 ವೋಲ್ಟ್. ಅದಕ್ಕೆ ಹೊಂದುವ ಚಿಕ್ಕ ರೂಟರ್ ಯುಪಿಎಸ್ ತಗೊಳ್ಳಿ. ಆಂಪಿಯರ್ ಕಡಿಮೆ ಇರೋದು ತಂದರೆ ಮೋಡೆಮ್ ಪದೇ ಪದೇ ರೀಸ್ಟಾರ್ಟ್ ಆಗುತ್ತೆ. ಆ ಎರಡು ತಿಂಗಳು ಹಾಸನದಲ್ಲೇ ರೂಮ್ ಇಟ್ಟುಕೊಳ್ಳೋದು ಸಾಧ್ಯವಾದರೆ ಇನ್ನೂ ಒಳ್ಳೇದು. ಮೆಂಟರ್‌ಗೆ ಮೇ ತಿಂಗಳಲ್ಲೇ ಹೇಳಿಬಿಡಿ: ನಮ್ಮಲ್ಲಿ ಮಳೆಗಾಲ, ಒಂದೆರಡು ದಿನ ಸುದ್ದಿ ಇಲ್ಲದೆ ಹೋಗಬಹುದು, ದಿನಾ ಸಂಜೆ ಬ್ರಾಂಚ್ ಪುಶ್ ಮಾಡಿರ್ತೀನಿ. ಮೊದಲೇ ಹೇಳಿದ್ದರೆ ಯಾರೂ ತಪ್ಪು ತಿಳಿಯಲ್ಲ. ಹೇಳದೆ ನಾಲ್ಕು ದಿನ ಕಾಣದಿದ್ದರೆ ಬಿಟ್ಟು ಹೋದ ಅಂತಲೇ ಲೆಕ್ಕ.

ಹೇಮಾವತಿ_18

ಪರೀಕ್ಷೆ ಲೆಕ್ಕ ಹೀಗೆ ಮಾಡಿ. 175 ಗಂಟೆಯ ಕೆಲಸ 12 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 15 ಗಂಟೆ. ಪರೀಕ್ಷೆಗೆ ಮೂರು ವಾರ ಕಳೆದರೆ ಉಳಿದ 9 ವಾರಕ್ಕೆ 19-20 ಗಂಟೆ. ನಡೆಯುತ್ತೆ. 350 ಗಂಟೆಯದ್ದಾದರೆ 9 ವಾರಕ್ಕೆ ವಾರಕ್ಕೆ 39 ಗಂಟೆ. ಆರನೇ ಸೆಮಿಸ್ಟರ್ ಪರೀಕ್ಷೆ ಇಟ್ಟುಕೊಂಡು ಅದು ಆಗದ ಮಾತು. ಮೆಂಟರ್ ಒಪ್ಪಿದರೆ ಅವಧಿಯನ್ನ 22 ವಾರದವರೆಗೆ ಎಳೆಯಬಹುದು, ಅದನ್ನ ಪ್ರಪೋಸಲ್ ಹಂತದಲ್ಲೇ ಕೇಳಿ.

ಪ್ರಪೋಸಲ್‌ನ ವಾರವಾರದ ಪಟ್ಟಿಯಲ್ಲಿ ಪರೀಕ್ಷೆಯ ವಾರಗಳನ್ನ ಖಾಲಿ ಬಿಟ್ಟು 'ಪರೀಕ್ಷೆ' ಅಂತಲೇ ಬರೆಯಿರಿ. ವೇಳಾಪಟ್ಟಿ ಬಂದಿರದಿದ್ದರೆ ಹಿಂದಿನ ವರ್ಷದ್ದು ನೋಡಿ ಅಂದಾಜು ಹಾಕಿ, ಬದಲಾಗಬಹುದು ಅಂತ ಸೇರಿಸಿ. ಪರೀಕ್ಷೆ ಮುಚ್ಚಿಟ್ಟು ಎಲ್ಲ ವಾರಕ್ಕೂ ಕೆಲಸ ತುಂಬಿದ ಪ್ರಪೋಸಲ್ ಜುಲೈನಲ್ಲಿ ಸಿಕ್ಕಿಬೀಳುತ್ತೆ. ಔಟ್‌ರೀಚಿಯವರಂತೂ ತರಗತಿ, ಪರೀಕ್ಷೆ ದಿನಾಂಕ ಮೊದಲೇ ಕೇಳಿ ಲೆಕ್ಕ ಹಾಕ್ತಾರೆ.

ಇನ್ನೊಂದು. ಜಿಸಾಕ್ ಕೊನೆ ಗಡುವು 18:00 ಯುಟಿಸಿ, ನಮ್ಮ ರಾತ್ರಿ 11:30. ಪಿಡಿಎಫ್ ಎರಡು ದಿನ ಮುಂಚೆಯೇ ಏರಿಸಿಡಿ, ಗಡುವಿನ ತನಕ ಬದಲಾಯಿಸಬಹುದು.

ಯಗಚಿ_ದಂಡೆ

ತುಂಬಾ ಉಪಕಾರ ಆಯ್ತು. ಒಂದು ಪ್ರಾಜೆಕ್ಟ್ ಆರಿಸಿಕೊಂಡೆ. ಚಾಟ್‌ನಲ್ಲಿ ಮೆಂಟರ್‌ಗೆ "ಸರ್, ನನಗೆ ಕಾಂಟ್ರಿಬ್ಯೂಟ್ ಮಾಡೋಕೆ ಆಸಕ್ತಿ ಇದೆ, ದಯವಿಟ್ಟು ದಾರಿ ತೋರಿಸಿ" ಅಂತ ಇಂಗ್ಲಿಷ್‌ನಲ್ಲಿ ನೇರವಾಗಿ ಕಳಿಸಿದೆ. ಮೂರು ದಿನ ಆಯ್ತು, ಉತ್ತರ ಇಲ್ಲ. ಮತ್ತೆ ಕಳಿಸಲಾ? ಹಾಗೇ ಕನ್ನಡ ಗೊತ್ತಿರೋದು ಇಲ್ಲಿ ಏನಾದ್ರೂ ಉಪಯೋಗಕ್ಕೆ ಬರುತ್ತಾ, ಅನುವಾದ ಬಿಟ್ಟು?

ಬಾಬಾಬುಡನ್_ಕಾಫಿ

ಮತ್ತೆ ಕಳಿಸಬೇಡಿ. ಆ ಮಾತಿಗೆ ಉತ್ತರ ಕೊಡೋಕೆ ಮೆಂಟರ್ ನಿಮ್ಮ ಬಗ್ಗೆ ಹತ್ತು ಪ್ರಶ್ನೆ ಕೇಳಬೇಕು, ಅಷ್ಟು ಪುರುಸೊತ್ತು ಅವರಿಗಿರಲ್ಲ. ಖಾಸಗಿಯಾಗಿ ಕೇಳೋದನ್ನೂ ಬಿಡಿ. ಎಲ್ಲರೂ ಇರುವ ಚಾನೆಲ್‌ನಲ್ಲಿ ಕೇಳಿದರೆ ಮೆಂಟರ್ ಅಲ್ಲದವರೂ ಉತ್ತರ ಕೊಡ್ತಾರೆ. ಪ್ರಶ್ನೆ ಹೀಗಿರಲಿ:

"ಸೆಟಪ್ ದಾಖಲೆಯ ನಾಲ್ಕನೇ ಹಂತದವರೆಗೆ ಬಂದಿದ್ದೇನೆ. ಡಬ್ಲ್ಯುಎಸ್ಎಲ್ 2, ಉಬುಂಟು 24.04, ಪೈಥಾನ್ 3.12. ಟೆಸ್ಟ್ ಓಡಿಸಿದಾಗ ಮೂರು ಫೇಲ್ ಆಗುತ್ತಿವೆ, ಪೂರ್ತಿ ಲಾಗ್ ಇಲ್ಲಿದೆ. ಮುಖ್ಯ ಬ್ರಾಂಚ್‌ನಲ್ಲೂ ಹೀಗೇ ಆಗುತ್ತಾ ನೋಡಿದೆ, ಆಗುತ್ತೆ. ಸಮಯವಲಯದ ಸೆಟ್ಟಿಂಗ್ ಕಾರಣ ಅನ್ನಿಸುತ್ತೆ, ಯುಟಿಸಿಗೆ ಬದಲಾಯಿಸಿದರೆ ಎರಡು ಪಾಸ್ ಆದವು. ಮೂರನೆಯದ್ದಕ್ಕೆ ಎಲ್ಲಿ ನೋಡಲಿ?"

ಇದಕ್ಕೆ ಎರಡು ಸಾಲಲ್ಲಿ ಉತ್ತರ ಕೊಡಬಹುದು, ಅದಕ್ಕೇ ಕೊಡ್ತಾರೆ. ಜರ್ಮನಿಯವರಾದರೆ ಬೇಸಿಗೆಯಲ್ಲಿ ಅವರ ಬೆಳಗ್ಗೆ ಹತ್ತು ನಮ್ಮ ಮಧ್ಯಾಹ್ನ ಒಂದೂವರೆ. ಊಟದ ಹೊತ್ತಿಗೆ ಪ್ರಶ್ನೆ ಹಾಕಿಟ್ಟರೆ ಸಂಜೆಯೊಳಗೆ ಉತ್ತರ ಸಿಗೋ ಸಾಧ್ಯತೆ ಹೆಚ್ಚು.

ಮೊದಲ ಪ್ಯಾಚ್ ಕಾಗುಣಿತ ತಿದ್ದೋದು ಬೇಡ. ಅದು ತಪ್ಪಲ್ಲ, ಆದರೆ ಅದರಿಂದ ನಿಮಗೆ ಬಿಲ್ಡ್, ಟೆಸ್ಟ್ ಯಾವುದೂ ಕಲಿತಂತಾಗಲ್ಲ. ಎಐ ಬರೆದುಕೊಟ್ಟ ಕೋಡ್ ಹಾಗೇ ಕಳಿಸುವ ಮುಂಚೆ ಪ್ರಾಜೆಕ್ಟ್‌ನ ನಿಯಮ ಓದಿ. ಜೆಂಟೂ, ನೆಟ್‌ಬಿಎಸ್‌ಡಿ 2024ರಲ್ಲೇ ಅದನ್ನ ನಿಷೇಧಿಸಿವೆ. ನಿಷೇಧ ಇಲ್ಲದ ಕಡೆಯೂ ರಿವ್ಯೂನಲ್ಲಿ "ಈ ಸಾಲು ಯಾಕೆ?" ಅಂತ ಕೇಳಿದಾಗ ನೀವೇ ಉತ್ತರ ಕೊಡಬೇಕು.

ಕನ್ನಡದ ಪ್ರಶ್ನೆಗೆ ಬರ್ತೀನಿ, ಇದು ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ. ಪೈಥಾನ್ ತೆಗೆದು 'ಚಿಕ್ಕಮಗಳೂರು' ಪದದ ಉದ್ದ ಕೇಳಿ. 11 ಅನ್ನುತ್ತೆ. ನಾವು ಓದುವ ಅಕ್ಷರ ಆರು: ಚಿ, ಕ್ಕ, ಮ, ಗ, ಳೂ, ರು. ಯಂತ್ರ ಗುಣಿತದ ಚಿಹ್ನೆ, ಒತ್ತಿನ ಹಲಂತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ಈಗ ಮೊದಲ ನಾಲ್ಕನ್ನ ಕತ್ತರಿಸಿ, 'ಚಿಕ್' ಅಂತ ಬರುತ್ತೆ. ಮೂರಕ್ಕೆ ಕತ್ತರಿಸಿದರೆ 'ಚಿಕ'. ಶೀರ್ಷಿಕೆ ಉದ್ದವಾದಾಗ ಇಂತಿಷ್ಟು ಅಕ್ಷರಕ್ಕೆ ಕತ್ತರಿಸಿ ಚುಕ್ಕಿ ಹಾಕುವ ಕೋಡ್ ಎಲ್ಲಿ ಇದೆಯೋ ಅಲ್ಲೆಲ್ಲ ಕನ್ನಡ ಹೀಗೆ ಒಡೆಯಬಹುದು. ನೀವು ಆರಿಸಿಕೊಂಡ ಪ್ರಾಜೆಕ್ಟ್‌ನಲ್ಲಿ ಇದನ್ನ ಹುಡುಕಿ.

ಇನ್ನೂ ಸೂಕ್ಷ್ಮದ್ದು 'ರ‍್ಯಾಂಕ್'. ರ ಅಕ್ಷರಕ್ಕೆ ಯ ಒತ್ತಾಗಿ ಬರಬೇಕಾದರೆ ರ ಪಕ್ಕದಲ್ಲಿ ಕಣ್ಣಿಗೆ ಕಾಣದ ಜೋಡಕ ಅಕ್ಷರ ಒಂದು ಕೂತಿರುತ್ತೆ, ಯೂನಿಕೋಡ್‌ನಲ್ಲಿ 200ಡಿ. ಅದಿಲ್ಲದಿದ್ದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತೆ. ಒಬ್ಬರು ಜೋಡಕ ಹಾಕಿ ಬರೆದಿದ್ದು ಇನ್ನೊಬ್ಬರು ಹಾಕದೆ ಹುಡುಕಿದರೆ ಸಿಗಲ್ಲ. ಇದನ್ನ ತಿದ್ದುವಾಗ ಹೊಸಬರು ಮಾಡುವ ತಪ್ಪು ಒಂದಿದೆ. ಆ ಜೋಡಕವನ್ನ ಪಠ್ಯದಿಂದಲೇ ತೆಗೆದುಹಾಕ್ತಾರೆ. ಹುಡುಕಾಟ ಸರಿಹೋಗುತ್ತೆ, ಆದರೆ ಪುಟದಲ್ಲಿರುವ ರ‍್ಯಾಂಕ್‌ಗಳೆಲ್ಲ ಕೆಡುತ್ತವೆ. ಹೋಲಿಸುವ ಕ್ಷಣಕ್ಕೆ ಮಾತ್ರ, ಎರಡೂ ಕಡೆಯಿಂದ ತೆಗೆದು ಹೋಲಿಸಬೇಕು, ಉಳಿಸಿಟ್ಟ ಪಠ್ಯ ಮುಟ್ಟಬಾರದು. ಜೋಡಕ ಇರುವ, ಇಲ್ಲದ ಈ ಎರಡು ರೂಪ ಇಟ್ಟುಕೊಂಡು ಮೊದಲು ಫೇಲ್ ಆಗುವ ಟೆಸ್ಟ್ ಬರೆಯಿರಿ, ಆಮೇಲೆ ತಿದ್ದುಪಡಿ. ಕನ್ನಡ ಓದಲು ಬರದ ರಿವ್ಯೂವರ್‌ಗೆ ಟೆಸ್ಟ್ ಇಲ್ಲದೆ ಇದು ಅರ್ಥವಾಗಲ್ಲ. ಎರಡೂ ರೂಪ ಅವರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಶ್ಯೂನಲ್ಲಿ ಕೋಡ್‌ಪಾಯಿಂಟ್‌ಗಳನ್ನ (ಪ್ರತಿ ಚಿಹ್ನೆಯ ಯೂನಿಕೋಡ್ ಸಂಖ್ಯೆಗಳನ್ನ) ಒಂದೊಂದಾಗಿ ಬಿಡಿಸಿ ಬರೆಯಿರಿ, ಜೊತೆಗೆ ಸ್ಕ್ರೀನ್‌ಶಾಟ್ ಹಾಕಿ.

ಹೇಮಾವತಿ_18

ಇನ್ನೆರಡು ಮಾತು. ಈ ಯಾವ ಕಾರ್ಯಕ್ರಮವೂ ಅರ್ಜಿದಾರರಿಂದ ಒಂದು ರೂಪಾಯಿ ಕೇಳಲ್ಲ. ನೋಂದಣಿ ಶುಲ್ಕ, ಮೆಂಟರ್ ಹುಡುಕಿಕೊಡುವ ಶುಲ್ಕ, ಪ್ರಪೋಸಲ್ ಬರೆದುಕೊಡುವ ಶುಲ್ಕ ಅಂತ ಯಾರಾದರೂ ಕೇಳಿದರೆ ಅಲ್ಲೇ ಬಿಡಿ.

ಮತ್ತೆ ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಪ್ಯಾನ್‌ನಲ್ಲಿ ಊರಿನ ಹೆಸರು ಬಿಡಿಸಿ ಮುಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ತರಹ ಇರೋದು ಸಾಮಾನ್ಯ. ಸ್ಟೈಪೆಂಡ್ ಹೊರದೇಶದಿಂದ ಬರುವಾಗ ಗುರುತಿನ ದಾಖಲೆ, ಬ್ಯಾಂಕ್ ಖಾತೆ ಎರಡರ ಹೆಸರೂ ತಾಳೆಯಾಗಬೇಕು, ಇಲ್ಲದಿದ್ದರೆ ಪರಿಶೀಲನೆಯಲ್ಲೇ ನಿಲ್ಲುತ್ತೆ. ತಿದ್ದಿಸೋಕೆ ವಾರಗಟ್ಟಲೆ ಹಿಡಿಯುತ್ತೆ. ಈ ಚಳಿಗಾಲದ ರಜೆಯಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬೇರೆ ಇದ್ದರೆ ಈಗಲೇ ಅರ್ಜಿ ಕೊಡಿ.