ದೋಣಿಯ ಬ್ಯಾಟರಿ ಮಾನಿಟರ್ ಶೇ 99 ಅನ್ನುತ್ತಿದೆ, ಫ್ರಿಜ್ ಮಾತ್ರ ನಿಂತುಹೋಗಿದೆ

ಪ್ರಶ್ನೆ:
ನಮಸ್ಕಾರ. ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ, ಹ್ಯಾಂಬಲ್ ನದಿಯಲ್ಲಿ ನನ್ನದೊಂದು 28 ಅಡಿಯ ಹಳೇ ಹಾಯಿದೋಣಿ ಇದೆ. ಲೈಟು, ಫ್ರಿಜ್‌ಗೆ ಅಂತ 110 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ, ಎಂಜಿನ್ ಸ್ಟಾರ್ಟ್ ಮಾಡಲು ಬೇರೆ ಒಂದು. 100 ವ್ಯಾಟ್ ಸೋಲಾರ್ ಪ್ಯಾನೆಲ್ ಕೂಡ ಇದೆ. ಹೋದ ವಾರ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅಂತ ತೋರಿಸುವ ವಿಕ್ಟ್ರಾನ್ ಬಿಎಂವಿ-712 ಮಾನಿಟರ್ ನಾನೇ ಕೂರಿಸಿದೆ.

ಮೂರು ದಿನ ಬರೀ ಮೋಡ. ಮೂರನೇ ಬೆಳಗ್ಗೆ 5ಕ್ಕೆ ಫ್ರಿಜ್ ಸ್ಟಾರ್ಟ್ ಆಗಲು ಒದ್ದಾಡಿ ಒದ್ದಾಡಿ ಆಫ್ ಆಗುತ್ತಿತ್ತು. ಮಾನಿಟರ್ ನೋಡಿದರೆ ಶೇ 99! ಅದೇ ಪರದೆಯಲ್ಲಿ ವೋಲ್ಟೇಜ್ 11.6. ನಾನು ಯಾವುದನ್ನು ನಂಬಲಿ?

ಉತ್ತರ 1:
ವೋಲ್ಟೇಜನ್ನು ನಂಬಿ. ಅದನ್ನು ಬ್ಯಾಟರಿ ಪಾಸಿಟಿವ್‌ಗೆ ಹೋದ ಆ ಸಣ್ಣ ಕೆಂಪು ವೈರಿನಿಂದ ನೇರವಾಗಿ ಅಳೆಯುತ್ತದೆ. ಪರ್ಸೆಂಟ್ ಹಾಗಲ್ಲ. ಶಂಟ್ (ಬ್ಯಾಟರಿ ನೆಗೆಟಿವ್ ದಾರಿಯಲ್ಲಿ ಕೂರಿಸುವ, ಕರೆಂಟ್ ಅಳೆಯುವ ಲೋಹದ ತುಂಡು) ಮೂಲಕ ಹೋದ, ಬಂದ ಕರೆಂಟಿನ ಲೆಕ್ಕ ಅದು.

ಎರಡು ವಿಷಯ ನೋಡಿ ಹೇಳಿ. ಫ್ರಿಜ್ ಓಡುವಾಗ ಎಷ್ಟು ಆಂಪಿಯರ್ ತೋರಿಸುತ್ತದೆ? ಬ್ಯಾಟರಿ ನೆಗೆಟಿವ್ ಕಂಬಕ್ಕೆ ಒಟ್ಟು ಎಷ್ಟು ವೈರ್ ಇವೆ?

ಪ್ರಶ್ನೆ ಕೇಳಿದವರು:
0.3 ಆಂಪಿಯರ್ ಅಷ್ಟೇ. ವೈರ್ ನಾಲ್ಕಿವೆ: ಶಂಟ್‌ಗೆ ಹೋಗುವುದು, ಫ್ರಿಜ್‌ನದು, ಸೋಲಾರ್ ಕಂಟ್ರೋಲರ್‌ನದು, ಎಂಜಿನ್ ಬ್ಯಾಟರಿಯ ನೆಗೆಟಿವ್‌ಗೆ ಹೋಗುವ ದಪ್ಪನೆಯ ಕೇಬಲ್. ಹಳೇ ಮಾಲೀಕರು ಹಾಕಿದ್ದನ್ನು ಹಾಗೇ ಬಿಟ್ಟಿದ್ದೆ.

ಉತ್ತರ 1:
ಸಿಕ್ಕಿತು ನೋಡಿ. ಬಸ್ಸಿನ ಮುಂದಿನ ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದಾರೆ, ಜನ ಹಿಂದಿನ ಬಾಗಿಲಲ್ಲಿ ಇಳಿದು ಹೋಗುತ್ತಿದ್ದಾರೆ. ಟಿಕೆಟ್ ಲೆಕ್ಕ ಸಿಗುವುದು ಹೇಗೆ?

ಬ್ಯಾಟರಿ ನೆಗೆಟಿವ್‌ನಲ್ಲಿ ಇರಬೇಕಾದದ್ದು ಒಂದೇ ಕೇಬಲ್, ಶಂಟ್‌ನ ಬ್ಯಾಟರಿ ಬದಿಗೆ ಹೋಗುವುದು. ಉಳಿದ ಮೂರೂ ಶಂಟ್‌ನ ಇನ್ನೊಂದು ಬದಿಗೆ. ಆ ದಪ್ಪನೆಯದನ್ನು ಮರೆಯಬೇಡಿ, ಎಂಜಿನ್ನಿನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಡೈನಮೊ) ಚಾರ್ಜ್ ಬರುವುದು ಅದರಲ್ಲೇ. ಬಿಲ್ಜ್ ಪಂಪ್ (ದೋಣಿಯ ತಳದಲ್ಲಿ ಸೇರುವ ನೀರು ಹೊರಹಾಕುವ ಪಂಪ್) ನೇರ ಬ್ಯಾಟರಿಗಿದ್ದರೆ ಅದರ ಪಾಸಿಟಿವ್ ಅಲ್ಲೇ ಇರಲಿ, ಮೇನ್ ಸ್ವಿಚ್ ಆಫ್ ಆದರೂ ಪಂಪ್ ಓಡಬೇಕಲ್ವಾ. ನೆಗೆಟಿವ್ ಮಾತ್ರ ಶಂಟ್‌ಗೆ ತನ್ನಿ.

ಮೊದಲು ಪ್ಯಾನೆಲ್ ವೈರ್ ಬಿಚ್ಚಿ, ಆಮೇಲೆ ಬ್ಯಾಟರಿಗೆ ಕೈಹಾಕಿ. ಉಂಗುರ, ವಾಚ್ ತೆಗೆದಿಡಿ. ನನ್ನ ಸ್ಪ್ಯಾನರ್ ಒಮ್ಮೆ ಎರಡು ಕಂಬಕ್ಕೂ ತಾಗಿತ್ತು. ಅದರ ತುದಿ ಕರಗಿದ ಗುರುತು ಇನ್ನೂ ಇದೆ.

ಅನುಮಾನ ಇದ್ದರೆ ಮಲ್ಟಿಮೀಟರ್‌ನಿಂದ ಶಂಟ್‌ನ ಎರಡು ತುದಿಗೆ ಹಿಡಿಯಿರಿ. ಇದು 500 ಆಂಪಿಯರ್‌ಗೆ 50 ಮಿಲಿವೋಲ್ಟ್ ಶಂಟ್. ಅಂದರೆ 4 ಆಂಪಿಯರ್‌ಗೆ 0.4 ಮಿಲಿವೋಲ್ಟ್ ಬರಬೇಕು.

ಪ್ರಶ್ನೆ ಕೇಳಿದವರು:
ಮಾಡಿದೆ. ಫ್ರಿಜ್ ವೈರ್ ಉದ್ದ ಸಾಲದೆ ಒಂದಡಿ ಸೇರಿಸಬೇಕಾಯಿತು. ಈಗ ಫ್ರಿಜ್ ಓಡಿದರೆ 4.2 ಆಂಪಿಯರ್, ಖುಷಿಯಾಯಿತು.

ಆದರೆ ಇನ್ನೊಂದು ತಲೆನೋವು. ಇವತ್ತು ಬೆಳಗ್ಗೆ ಶೇ 81 ಇತ್ತು. ಬಿಸಿಲು ಬಂದು ಸ್ವಲ್ಪ ಹೊತ್ತಿಗೆ ಒಂದೇ ಸಲ ಶೇ 100ಕ್ಕೆ ಹಾರಿತು. ಪ್ಯಾನೆಲ್‌ನಿಂದ ಬರುತ್ತಿದ್ದದ್ದು 5 ಆಂಪಿಯರ್. ಅಷ್ಟು ಬೇಗ ತುಂಬಲು ಸಾಧ್ಯವೇ ಇಲ್ಲ.

ಉತ್ತರ 2:
ಸೆಟ್ಟಿಂಗ್ ಮುಟ್ಟಿಲ್ಲ ಅನ್ನಿಸುತ್ತದೆ. ವೋಲ್ಟೇಜ್ 13.2 ದಾಟಿ, ಚಾರ್ಜ್ ಕರೆಂಟ್ ಬ್ಯಾಟರಿ ಸಾಮರ್ಥ್ಯದ ಶೇ 4ಕ್ಕಿಂತ ಕೆಳಗೆ 3 ನಿಮಿಷ ಇದ್ದರೆ "ತುಂಬಿತು" ಅಂತ ಮಾನಿಟರ್ ತೀರ್ಮಾನಿಸುತ್ತದೆ. ಕಂಪನಿಯಿಂದ ಬರುವಾಗ ಇರುವುದೇ ಹಾಗೆ.

ಈಗ ಲೆಕ್ಕ ಹಾಕಿ. ಮಾನಿಟರಿನಲ್ಲಿ ಮೊದಲೇ ಇರುವ ಸಾಮರ್ಥ್ಯ 200 ಆಂಪಿಯರ್-ಅವರ್, ಅದರ ಶೇ 4 ಅಂದರೆ 8 ಆಂಪಿಯರ್. 100 ವ್ಯಾಟ್ ಪ್ಯಾನೆಲ್ ಅಷ್ಟು ಕೊಡುವುದೇ ಇಲ್ಲ. ಹಾಗಾಗಿ ಎರಡನೇ ಷರತ್ತು ಯಾವಾಗಲೂ ಪಾಸ್! ವೋಲ್ಟೇಜ್ 13.2 ದಾಟಿ ಮೂರು ನಿಮಿಷ ಕಳೆದರೆ ಸಾಕು, ಶೇ 100.

ಆ ಸಾಮರ್ಥ್ಯವನ್ನು 220 ಮಾಡಿ, ನಿಮ್ಮ ಎರಡು 110 ಸೇರಿದರೆ ಅಷ್ಟು. ನಿಮ್ಮ ಸೋಲಾರ್ ಕಂಟ್ರೋಲರ್‌ನ ಅಬ್ಸಾರ್ಪ್ಶನ್ (ಬ್ಯಾಟರಿಯನ್ನು ಪೂರ್ತಿ ತುಂಬಿಸುವ ಹಂತದ ವೋಲ್ಟೇಜ್) 14.4 ಇದ್ದರೆ ಚಾರ್ಜ್ಡ್ ವೋಲ್ಟೇಜ್, ಅಂದರೆ ಆ 13.2ರ ಜಾಗದಲ್ಲಿ 14.1 ಇಡಿ. ಟೇಲ್ ಕರೆಂಟ್, ಅಂದರೆ ಆ ಶೇ 4ರ ಜಾಗದಲ್ಲಿ ಶೇ 1 ಇಡಿ, 2.2 ಆಂಪಿಯರ್ ಆಗುತ್ತದೆ. ಮೂರು ನಿಮಿಷವನ್ನೂ ಸ್ವಲ್ಪ ಜಾಸ್ತಿ ಮಾಡಿ. ಇಲ್ಲದಿದ್ದರೆ ಒಂದು ಮೋಡ ಅಡ್ಡ ಬಂದು ಕರೆಂಟ್ ಇಳಿದರೂ ಮೋಸ ಹೋಗುತ್ತದೆ. ಇದೆಲ್ಲ ಆದ ಮೇಲೆ ಜೆಟ್ಟಿಯ ಕರೆಂಟಿಗೆ ಹಾಕಿ ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಲೆಕ್ಕ ಅಲ್ಲಿಂದ ಶುರುವಾಗಲಿ.

ಪ್ರಶ್ನೆ ಕೇಳಿದವರು:
ಮೂರು ದಿನ ನೋಡಿದೆ, ಸರಿಯಾಗಿದೆ. ರಾತ್ರಿ ಮಲಗುವಾಗ ಶೇ 94, ಬೆಳಗ್ಗೆ ಶೇ 85. ಫ್ರಿಜ್ ರಾತ್ರಿಯಿಡೀ ಆಗಾಗ ಓಡಿದ್ದಕ್ಕೆ ಸರಿಹೊಂದುತ್ತದೆ. ಇಬ್ಬರಿಗೂ ಥ್ಯಾಂಕ್ಸ್.

ಎಲ್ಲ ಆಫ್ ಮಾಡಿದರೂ 0.3 ಆಂಪಿಯರ್ ಹೋಗುತ್ತಿತ್ತು. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದೆ. ಹಳೇ ಸ್ಟೀರಿಯೊ! ಅದನ್ನು ನಾನು ಆನ್ ಮಾಡಿದ್ದೇ ನೆನಪಿಲ್ಲ.