ಪಿಯುಸಿಯಲ್ಲಿ ಶೇ. 56 ಇದ್ದರೆ ಎನ್‌ಡಿಎ ಆಸೆ ಬಿಡಬೇಕಾ?

ಮಂಡ್ಯದಕ್ಕ:
ನನ್ನ ತಮ್ಮ ಮಂಡ್ಯದಲ್ಲಿ ಸೆಕೆಂಡ್ ಪಿಯು ಓದ್ತಿದ್ದಾನೆ, ಪಿಸಿಎಂಬಿ. ವಯಸ್ಸು 17. ಫಸ್ಟ್ ಪಿಯುನಲ್ಲಿ ಬಂದಿದ್ದು ಶೇ. 56. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಗಣಿತ ಅಷ್ಟಕ್ಕಷ್ಟೆ. ಆರ್ಮಿ ಆಫೀಸರ್ ಆಗಲೇಬೇಕು ಅಂತ ಹಟ ಹಿಡಿದಿದ್ದಾನೆ. ದುಡ್ಡು ಕಟ್ಟಿ ಇಂಜಿನಿಯರಿಂಗ್ ಓದಿಸುವ ಶಕ್ತಿ ಮನೆಯಲ್ಲಿಲ್ಲ, ಎನ್‌ಡಿಎ (ಸೇನಾಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಆದರೆ ಖರ್ಚು ಸರ್ಕಾರದ್ದೇ ಅಂತಾರೆ. ಆದರೆ ಶೇ. 85 ಇಲ್ಲದಿದ್ದರೆ ಅರ್ಜಿಯೇ ಹಾಕೋಹಾಗಿಲ್ಲ ಅಂತ ಒಬ್ಬರು ಹೆದರಿಸಿದ್ದಾರೆ. ತಿಳಿದವರು ಹೇಳಿ.

ಪಿಯು ಗಣಿತ ಮೇಷ್ಟ್ರು:
ತಂಗಿ, ಎನ್‌ಡಿಎಗೆ ಪಿಯುಸಿ ಪಾಸಾದರೆ ಸಾಕು, ಇಷ್ಟೇ ಪರ್ಸೆಂಟ್ ಬೇಕೆಂಬ ನಿಯಮ ಇಲ್ಲ. ಆರ್ಮಿಗೆ ಯಾವ ವಿಭಾಗವಾದರೂ ನಡೆಯುತ್ತದೆ. ನೇವಿ, ಏರ್‌ಫೋರ್ಸ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬೇಕು, ಅವು ಅವನಿಗೆ ಇವೆ. ಪರ್ಸೆಂಟ್ ನೋಡುವುದು ಆರ್ಮಿಯ ಟಿಇಎಸ್ (ಟೆಕ್ನಿಕಲ್ ಎಂಟ್ರಿ ಸ್ಕೀಮ್) ಎಂಬ ಬೇರೆ ದಾರಿಯಲ್ಲಿ. ಅಲ್ಲಿ ಲಿಖಿತ ಪರೀಕ್ಷೆ ಇಲ್ಲ, ಆದರೆ ಪಿಸಿಎಂನಲ್ಲಿ ಕನಿಷ್ಠ ಶೇ. 60 ಇರಬೇಕು, ಜೆಇಇ ಮೇನ್ ಬರೆದಿರಬೇಕು. ಸಂದರ್ಶನಕ್ಕೆ ಕರೆ ಬರುವ ಗಡಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಎರಡನ್ನೂ ಬೆರೆಸಿ ಹೇಳಿ ಮಕ್ಕಳ ಧೈರ್ಯ ಕೆಡಿಸುವವರು ಬಹಳ.

ಈಗ ಲೆಕ್ಕ. ಲಿಖಿತ ಪರೀಕ್ಷೆ 900 ಅಂಕಕ್ಕೆ: ಗಣಿತ 300, ಜನರಲ್ ಎಬಿಲಿಟಿ 600. ಈಚಿನ ವರ್ಷಗಳ ಕಟ್‌ಆಫ್ ಸುಮಾರು 290ರಿಂದ 360ರೊಳಗೆ ಓಡಾಡಿದೆ, ಅಂದರೆ ಮೂರರಲ್ಲೊಂದು ಪಾಲಿನ ಆಸುಪಾಸು. ಜೊತೆಗೆ ಪ್ರತಿ ವಿಷಯದಲ್ಲೂ ಶೇ. 20 ಅಥವಾ 25 ಕನಿಷ್ಠ ಇಡುತ್ತಾರೆ. ಸಾಧಾರಣ ಹುಡುಗರು ಬೀಳುವುದು ಇಲ್ಲೇ: ಒಟ್ಟು ಅಂಕ ಸಾಕಷ್ಟು ಬಂದಿರುತ್ತದೆ, ಗಣಿತದಲ್ಲಿ 75 ದಾಟಿರುವುದಿಲ್ಲ.

ಗಣಿತದಲ್ಲಿ 120 ಪ್ರಶ್ನೆ. ಸರಿಯಾದರೆ 2.5, ತಪ್ಪಾದರೆ 0.83 ಕಡಿತ. 45 ಪ್ರಶ್ನೆ ಮುಟ್ಟಿ 34 ಸರಿ, 11 ತಪ್ಪಾದರೆ ಸುಮಾರು 76 ಬರುತ್ತದೆ. 120ನ್ನೂ ಗುರುತು ಹಾಕಿ ಬರುವ ಹುಡುಗ ಊಹೆಯಲ್ಲೇ ಕಳೆದುಕೊಳ್ಳುತ್ತಾನೆ. ಇಂಟಿಗ್ರೇಷನ್‌ಗೆ ತಲೆ ಕೆಡಿಸಿಕೊಳ್ಳುವ ಮೊದಲು ಸೆಟ್ಸ್, ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ಸರಳ ರೇಖೆ, ಟ್ರಿಗ್ನಾಮೆಟ್ರಿ ಮುಗಿಸಲಿ. ಎಲ್ಲವೂ ಅವನ ಪಿಯು ಪುಸ್ತಕದಲ್ಲೇ ಇವೆ.

ಅಂಕ ಗಳಿಸಬೇಕಾದ ಜಾಗ ಎರಡನೇ ಪತ್ರಿಕೆ, ಅಂದರೆ ಜನರಲ್ ಎಬಿಲಿಟಿ. ಇಂಗ್ಲಿಷ್ 200, ಸಾಮಾನ್ಯ ಜ್ಞಾನ 400. ಆ 400ರಲ್ಲಿ ಅರ್ಧದಷ್ಟು ವಿಜ್ಞಾನ, ಉಳಿದದ್ದು ಇತಿಹಾಸ, ಭೂಗೋಳ, ಪ್ರಚಲಿತ. ಇಲ್ಲಿ ಸರಿಗೆ 4, ತಪ್ಪಿಗೆ 1.33 ಕಡಿತ. 75 ಸರಿ, 20 ತಪ್ಪು ಅಂದರೆ 273. ಗಣಿತದ 76 ಸೇರಿಸಿದರೆ 349. ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುವುದರಿಂದ ದಿನಾ ಒಂದು ಇಂಗ್ಲಿಷ್ ಪೇಪರ್ ಓದುವುದನ್ನು ಇವತ್ತೇ ಶುರುಮಾಡಲಿ. ಏಪ್ರಿಲ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಒಂದು ಪರೀಕ್ಷೆ ನಡೆಯುವುದು ವಾಡಿಕೆ. ಏಪ್ರಿಲ್‌ನದು ಸಿಇಟಿ ತಿಂಗಳಲ್ಲೇ ಬರುತ್ತದೆ, ಈಗಲೇ ಯೋಜನೆ ಮಾಡಿಕೊಳ್ಳಿ.

ಎನ್‌ಸಿಸಿ ಹಳಬ, ಮೈಸೂರು:
ಮೇಷ್ಟ್ರು ಹೇಳಿದ್ದು ಅರ್ಧ ದಾರಿ. ಇನ್ನೊಂದು 900 ಅಂಕ ಎಸ್‌ಎಸ್‌ಬಿಯದು (ಅಧಿಕಾರಿಗಳನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡ್), ಐದು ದಿನ. ಒಟ್ಟು 1800ಕ್ಕೆ ಕೊನೆಯ ಆಯ್ಕೆ ಈಚೆಗೆ 650–720ರಲ್ಲಿ ನಿಂತಿದೆ. ಮಾರ್ಕ್ಸ್ ಕಾರ್ಡ್ ಸಪ್ಪೆಯಾದವನು ಮೇಲೇಳುವುದು ಇಲ್ಲೇ.

ಮೊದಲ ದಿನವೇ ಬಹಳ ಮಂದಿಯನ್ನು ವಾಪಸ್ ಕಳಿಸುತ್ತಾರೆ. ಮಸುಕಾದ ಚಿತ್ರವನ್ನು 30 ಸೆಕೆಂಡ್ ತೋರಿಸಿ, 4 ನಿಮಿಷದಲ್ಲಿ ಕಥೆ ಬರೆಸಿ, ಗುಂಪಿನಲ್ಲಿ ಹೇಳಿಸಿ ಚರ್ಚೆಗೆ ಬಿಡುತ್ತಾರೆ. ಕಿರುಚಾಡುವವರೂ ಹೋಗುತ್ತಾರೆ, ಬಾಯಿ ಬಿಡದವರೂ ಹೋಗುತ್ತಾರೆ. ಎರಡು-ಮೂರು ಸಲ ಸ್ಪಷ್ಟವಾಗಿ ಮಾತಾಡಿ, ಬೇರೆಯವರ ಮಾತಿಗೆ ಮಾತು ಜೋಡಿಸಿದರೆ ಒಳ್ಳೆಯದು. ಇಂಗ್ಲಿಷ್ ಸರಳವಾಗಿದ್ದರೂ ಪರವಾಗಿಲ್ಲ, ನಿಲ್ಲಬಾರದು ಅಷ್ಟೆ. ಎರಡನೇ ದಿನ ಒಂದೊಂದು ಪದಕ್ಕೆ 15 ಸೆಕೆಂಡಿನಂತೆ 60 ಪದಕ್ಕೆ ವಾಕ್ಯ ಬರೆಯಬೇಕು, ಅರ್ಧ ಗಂಟೆಯಲ್ಲಿ 60 ಸನ್ನಿವೇಶಕ್ಕೆ ತಾನೇನು ಮಾಡುತ್ತೇನೆ ಅಂತ ಬರೆಯಬೇಕು. ಬಾಯಿಪಾಠದ ಉತ್ತರ ಬರೆಯಬೇಡ ಅಂತ ಹೇಳಿ. ಬರೆದದ್ದಕ್ಕೂ ಇಂಟರ್‌ವ್ಯೂನಲ್ಲಿ ಹೇಳಿದ್ದಕ್ಕೂ ಗ್ರೌಂಡ್‌ನಲ್ಲಿ ಮಾಡಿದ್ದಕ್ಕೂ ತಾಳೆ ನೋಡುತ್ತಾರೆ.

ಮೆಡಿಕಲ್‌ಗೆ ಈಗಲೇ ಹಲ್ಲು, ಕಿವಿ, ಕಣ್ಣು ತೋರಿಸಿಬಿಡಿ. ಗಟ್ಟಿ ಹಲ್ಲುಗಳನ್ನು ಎಣಿಸಿ ಕೊಡುವ ಡೆಂಟಲ್ ಪಾಯಿಂಟ್ 14 ಬೇಕು. ಚಪ್ಪಟೆ ಪಾದ, ಮಂಡಿ ತಾಗುವುದು, ಬಣ್ಣದ ದೃಷ್ಟಿದೋಷ ಇದ್ದರೆ ಓದುವ ಮೊದಲೇ ಗೊತ್ತಾಗಲಿ.

ಮಂಡ್ಯದಕ್ಕ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಮೈಸೂರಲ್ಲೇ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್ ಇದೆಯಲ್ಲ, ಹತ್ತಿರ ಆಗುತ್ತೆ ಅಂತ ಫ್ಲೈಯಿಂಗನ್ನೇ ಮೊದಲ ಆಯ್ಕೆಗೆ ಹಾಕಲಾ?

ಎನ್‌ಸಿಸಿ ಹಳಬ, ಮೈಸೂರು:
ಬೇಡಮ್ಮ. ಹತ್ತಿರದ ಬೋರ್ಡಿಗೇ ಕರೆ ಬರುತ್ತದೆ ಅಂತಿಲ್ಲ. ಫ್ಲೈಯಿಂಗ್‌ಗೆ ಸಿಪಿಎಸ್‌ಎಸ್ ಎಂಬ ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆಯೂ ಇದೆ, ಅದಕ್ಕೆ ಜೀವನದಲ್ಲಿ ಒಂದೇ ಅವಕಾಶ. ಅವನ ಮನಸ್ಸು ಆರ್ಮಿಯಲ್ಲಿದ್ದರೆ ಆರ್ಮಿಯನ್ನೇ ಮೊದಲು ಹಾಕಲಿ.

ಅರ್ಜಿಯಲ್ಲಿ ಹೆಸರು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದೆ, ಮುಂದೆ ತೊಡಕಾಗುತ್ತದೆ. ಈಗಲೇ ಆಧಾರ್ ತಿದ್ದಿಸಿ. ಲಿಖಿತದಲ್ಲಿ ಪಾಸಾದ ಎರಡು ವಾರದೊಳಗೆ ಜಾಯಿನ್ ಇಂಡಿಯನ್ ಆರ್ಮಿ ಜಾಲತಾಣದಲ್ಲಿ ನೋಂದಾಯಿಸಬೇಕು, ಮರೆತರೆ ಎಸ್‌ಎಸ್‌ಬಿ ಕರೆ ಬರುವುದಿಲ್ಲ.

ಖರ್ಚಿನ ವಿಷಯ: ಎನ್‌ಡಿಎ ಇರುವ ಖಡಕ್‌ವಾಸ್ಲಾದಲ್ಲಿ ಊಟ, ವಸತಿ, ಪುಸ್ತಕ, ಯೂನಿಫಾರ್ಮ್, ಚಿಕಿತ್ಸೆ ಸರ್ಕಾರದ್ದು. ಕೈಖರ್ಚು ಮನೆಯವರದ್ದು. ಸೇರುವಾಗಲೂ ಸ್ವಲ್ಪ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಪೋಷಕರ ಆದಾಯ ಕಡಿಮೆ ಇದ್ದರೆ ಕೈಖರ್ಚಿಗೆ ನೆರವು ಕೇಳಬಹುದು, ಆ ಅರ್ಜಿ ಜಿಲ್ಲಾಧಿಕಾರಿಯ ಮೂಲಕ ಹೋಗಬೇಕು.

ಎನ್‌ಡಿಎ ಕೈತಪ್ಪಿದರೆ ಡಿಗ್ರಿಗೆ ಸೇರಿದ ಮೊದಲ ವರ್ಷವೇ ಎನ್‌ಸಿಸಿ ಸೇರಲಿ. ಡಿಗ್ರಿಯಲ್ಲಿ ಶೇ. 50, ಎನ್‌ಸಿಸಿಯ 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್ ಇದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು, ಯುಪಿಎಸ್‌ಸಿ ಪರೀಕ್ಷೆಯೇ ಇಲ್ಲ. ಡಿಗ್ರಿಯವರ ಸಿಡಿಎಸ್ ಪರೀಕ್ಷೆ ಬರೆದರೂ ಚೆನ್ನೈನ ಒಟಿಎಗೆ (ಆರ್ಮಿ ಅಧಿಕಾರಿಗಳ ತರಬೇತಿ ಅಕಾಡೆಮಿ) ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಮಾತ್ರ, ಗಣಿತ ಪತ್ರಿಕೆ ಇಲ್ಲ.