ಸೀನ ಕೇಬಲ್ ಕೀಳಿಸಿದ ಮೇಲೆ

ಟೀವಿಯಲ್ಲಿ ಆಟಗಾರ ಇನ್ನೂ ಚೆಂಡನ್ನ ಪೆನಾಲ್ಟಿ ಚುಕ್ಕಿ ಮೇಲೆ ಇಟ್ಟು ಒರೆಸ್ತಾ ಇದ್ದ, ಅಷ್ಟರಲ್ಲಿ ಪಕ್ಕದ ಮನೇಲಿ "ಗೋ...ಲ್" ಅಂತ ಬೊಬ್ಬೆ ಬಿತ್ತು. ನಾವು ಐದೂ ಜನ ಮುಖ ಮುಖ ನೋಡ್ಕೊಂಡ್ವಿ. ಅರ್ಧ ನಿಮಿಷ ಆದ್ಮೇಲೆ ನಮ್ಮ ಟೀವಿಯೊಳಗಿನ ಪುಣ್ಯಾತ್ಮನೂ ಒದ್ದ, ಗೋಲಾಯ್ತು, ಆದ್ರೆ ಚಪ್ಪಾಳೆ ಹೊಡೆಯೋ ಮನಸ್ಸು ಯಾರಿಗೂ ಇರಲಿಲ್ಲ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಕೈಗೆ ಬಂದ ಹಾಗಾಗಿತ್ತು.

"ಪಕ್ಕದವರೇನು ಜ್ಯೋತಿಷಿಗಳೇನೋ?" ಅಂದ ಗುಂಡ.

"ಅವರ ಮನೇಲಿ ಕೇಬಲ್ ಇರ್ಬೇಕು," ಅಂದ್ಲು ಶೀಲಾ. ಕೇಬಲ್ ಅನ್ನೋ ಪದಾನ ಸ್ವಲ್ಪ ಜೋರಾಗೇ ಅಂದ್ಲು, ಸೀನನಿಗೆ ಕೇಳಿಸ್ಲಿ ಅಂತ.

ಯಾಕಂದ್ರೆ ಸೀನ ಕೇಬಲ್ ಕೀಳಿಸಿ ಎರಡು ತಿಂಗಳಾಗಿತ್ತು, ಆ ಎರಡು ತಿಂಗಳಲ್ಲಿ ಅವನು ಬೇರೆ ಯಾವ ವಿಷಯಾನೂ ಮಾತಾಡಿರಲಿಲ್ಲ. "ಇನ್ನೂರು ಚಾನೆಲ್ ಕೊಡ್ತಾರೆ, ನಾನು ನೋಡೋದು ನಾಲ್ಕು, ಮಿಕ್ಕ ನೂರ ತೊಂಬತ್ತಾರನ್ನ ನಾನ್ಯಾಕೆ ಸಾಕ್ಬೇಕು?" ಅಂತ ಅವನ ವಾದ. ವಾದ ಸರಿಯಾಗೇ ಇದೆ. ಸೀನನ ತೊಂದರೆನೇ ಅದು, ಅವನ ವಾದ ಯಾವಾಗ್ಲೂ ಸರಿ ಇರುತ್ತೆ, ಅನುಭವಿಸೋದು ಮಾತ್ರ ಅಕ್ಕಪಕ್ಕದಲ್ಲಿ ಕೂತವರು.

"ಅವರ ಮನೇಲೂ ಕೇಬಲ್ ಇಲ್ಲಮ್ಮಾ," ಅಂದ ಸೀನ, "ಟೆರೇಸ್ ಮೇಲೆ ಅದೇನೋ ಹಳೇ ಕಾಲದ ಕಡ್ಡಿ ಕಟ್ಕೊಂಡಿದಾರೆ. ನಂದು ನೋಡು, ಸ್ಮಾರ್ಟ್ ಟೀವಿ, ಫೈಬರ್ ನೆಟ್ಟು, ಆಪು."

ಮೂಲೇಲಿ ಕೂತಿದ್ದ ಮೇಷ್ಟ್ರು ಆಗ ಬಾಯಿ ಬಿಟ್ರು. ಮೇಷ್ಟ್ರು ಅಂದ್ರೆ ನಿಜವಾದ ಮೇಷ್ಟ್ರು, ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು, ಈಗ ಪಾಠ ಕೇಳೋಕೆ ಯಾರೂ ಸಿಗದೆ ನಮ್ಮ ಜೊತೆ ಸೇರಿದಾರೆ. "ಆ ಕಡ್ಡಿ ನಿನ್ನ ಫೈಬರಿಗಿಂತ ಮುಂದಿದೆಯಪ್ಪಾ. ಟವರ್‌ನಿಂದ ಹೊರಟ ಸಿಗ್ನಲ್ ಬೆಳಕಿನ ವೇಗದಲ್ಲಿ ಅವರ ಮನೆಗೆ ಬರುತ್ತೆ. ಡಿಜಿಟಲ್ ಆಗಿರೋದ್ರಿಂದ ಪ್ಯಾಕ್ ಮಾಡಿ ಬಿಚ್ಚೋಕೆ ಒಂದಿಷ್ಟು ಸೆಕೆಂಡು, ಅಷ್ಟೇ. ನಿಂದು ಹಾಗಲ್ಲ, ಮ್ಯಾಚನ್ನ ಕೆಲವೇ ಸೆಕೆಂಡುಗಳ ತುಂಡು ತುಂಡಾಗಿ ಕತ್ತರಿಸ್ತಾರೆ, ಆ ತುಂಡುಗಳನ್ನ ಸರ್ವರ್‌ನಿಂದ ಸರ್ವರ್‌ಗೆ ದಾಟಿಸ್ತಾರೆ, ಕೊನೆಗೆ ನಿನ್ನ ಟೀವಿ, ಮಧ್ಯೆ ಚಕ್ರ ಸುತ್ತಬಾರ್ದು ಅಂತ, ನಾಲ್ಕಾರು ತುಂಡು ಕೂಡಿಟ್ಕೊಂಡು ಆಮೇಲೆ ಒಂದೊಂದೇ ಬಡಿಸುತ್ತೆ. ಅಲ್ಲಿಗೆ ಅರ್ಧ ನಿಮಿಷ ಹೋಯ್ತು."

"ಹಂಗಾದ್ರೆ ನಾವು ನೋಡ್ತಿರೋದು ಲೈವ್ ಅಲ್ವಾ?"

"ಇತಿಹಾಸ," ಅಂದ್ಲು ಶೀಲಾ.

"ಅಷ್ಟೇ ಯಾಕೆ, ಡಿಶ್ ತಗೋ," ಅಂತ ಮೇಷ್ಟ್ರು ಬಿಡಲಿಲ್ಲ, "ಸ್ಯಾಟಲೈಟ್ ಇರೋದು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಗೆ ಹೋಗಿ ವಾಪಸ್ ಬರೋಕೆ ಸಿಗ್ನಲ್‌ಗೆ ಹೆಚ್ಚುಕಡಿಮೆ ಕಾಲು ಸೆಕೆಂಡು ಸಾಕು. ಫ್ರೀ ಟು ಏರ್ ಅಂತ ಎಷ್ಟೋ ಚಾನೆಲ್ ದುಡ್ಡಿಲ್ಲದೇ ಅಲ್ಲಿಂದ ಇಳೀತಾವೆ, ಒಂದು ಸಲ ಡಿಶ್ಶು ಬಾಕ್ಸು ತಗೊಂಡ್ರೆ ಮುಗೀತು. ಮಳೆ ಜೋರಾದ್ರೆ ಮಾತ್ರ ಹೋಗುತ್ತೆ, ಆ ಫ್ರೀಕ್ವೆನ್ಸೀನ ಮಳೆಹನಿ ನುಂಗುತ್ತೆ."

ಸೀನ ಮುಖ ಗಂಟು ಹಾಕ್ಕೊಂಡ. "ಏನೇ ಇರ್ಲಿ, ದುಡ್ಡಂತೂ ಉಳೀತು."

ಈ ಮಾತು ಅವನು ಆಡಬಾರದಿತ್ತು. ಶೀಲಾ ಅಕೌಂಟ್ಸ್ ಓದಿದವಳು, ಅವಳ ಮುಂದೆ ದುಡ್ಡು ಉಳೀತು ಅನ್ನೋದು ಬೆಕ್ಕಿನ ಮುಂದೆ ಹಾಲಿನ ಪಾತ್ರೆ ಇಟ್ಟು ಬಾಗಿಲು ಹಾಕ್ಕೊಂಡು ಹೋದ ಹಾಗೆ. ಫೋನ್ ತೆಗೆದು ಕ್ಯಾಲ್ಕ್ಯುಲೇಟರ್ ಓಪನ್ ಮಾಡಿದ್ಲು. "ಹೇಳು. ಮ್ಯಾಚಿಗೆ ಒಂದು ಆಪು. ಸಿನಿಮಾಕ್ಕೆ?"

"ಎರಡು. ಒಂದ್ರಲ್ಲಿರೋದು ಇನ್ನೊಂದ್ರಲ್ಲಿ ಇರಲ್ಲ."

"ಮಕ್ಕಳ ಕಾರ್ಟೂನಿಗೆ?"

"ಒಂದು. ಅದು ಫ್ರೀ ಟ್ರಯಲ್."

"ಯಾವಾಗ ತಗೊಂಡಿದ್ದು?"

ಸೀನ ಸ್ವಲ್ಪ ಯೋಚನೆ ಮಾಡಿ "ಹೋದ ವರ್ಷ" ಅಂದ, ಅಂದ ಕೂಡ್ಲೇ ಅವನ ಮುಖದ ಬಣ್ಣ ಬದಲಾಯ್ತು, ಟ್ರಯಲ್ ಮುಗಿದು ಆಟೋ ರಿನ್ಯೂವಲ್ ಶುರುವಾಗಿ ಎಷ್ಟು ತಿಂಗಳಾಯ್ತು ಅನ್ನೋ ಲೆಕ್ಕ ಅವನ ತಲೇಲಿ ನಮ್ಮ ಕಣ್ಣೆದುರೇ ಓಡ್ತಿತ್ತು.

"ನೆಟ್ ಬಿಲ್ ಬೇರೆ," ಅಂದ್ಲು ಶೀಲಾ, "4ಕೆ ಸರಿಯಾಗಿ ಬರ್ಲಿ ಅಂತ ಪ್ಲಾನ್ ಹೆಚ್ಚಿಸ್ಕೊಂಡ್ಯಲ್ಲ ಅದನ್ನೂ ಸೇರಿಸ್ತೀನಿ. ಕೇಬಲ್ ಇದ್ದಾಗ ಒಂದೇ ಬಿಲ್ಲು ಬರ್ತಿತ್ತು, ಒಂದು ದಿನ ಬೈಕೊಂಡು ಕಟ್ಟಿ ಮರೀತಿದ್ದೆ. ಈಗ ಐದು ಕಡೆಯಿಂದ ಸೊಳ್ಳೆ ಕಚ್ಚಿದ ಹಾಗೆ ಚೂರು ಚೂರು ಹೀರ್ತಾವೆ. ನೋವೂ ಗೊತ್ತಾಗಲ್ಲ."

"ಒಂದಕ್ಕೆ ನಾನು ಕಟ್ತಾ ಇಲ್ಲ, ಅದು ಭಾವನ ಪಾಸ್‌ವರ್ಡು."

"ಅದೂ ಹೋಗುತ್ತೆ ಬಿಡು," ಅಂದೆ ನಾನು. ಪಾಸ್‌ವರ್ಡ್ ಹಂಚ್ಕೊಳ್ಳೋದೇ ಪ್ರೀತಿ ಅನ್ನೋ ಅರ್ಥದಲ್ಲಿ ನೆಟ್‌ಫ್ಲಿಕ್ಸಿನವರು 2017ರಲ್ಲಿ ಟ್ವೀಟ್ ಮಾಡಿದ್ರು, 2023ರಲ್ಲಿ ದೇಶ ದೇಶದಲ್ಲೂ ಮನೆಯಾಚೆ ಹಂಚೋದನ್ನ ನಿಲ್ಲಿಸೋಕೆ ಹೊರಟ್ರು.

"ಆರೇ ವರ್ಷದ ಪ್ರೀತಿ," ಅಂತ ಗುಂಡ ನಿಟ್ಟುಸಿರು ಬಿಟ್ಟ, "ನಂದು ಅಷ್ಟೂ ಬಾಳಲಿಲ್ಲ."

ಶೀಲಾ ಮೊತ್ತ ಸೀನನಿಗೆ ತೋರಿಸಿದ್ಲು. ನಮಗ್ಯಾರಿಗೂ ತೋರಿಸಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡ ಮನಸ್ಸು. ಸೀನ ಎರಡು ನಿಮಿಷ ಟೀವಿ ಕಡೆ ನೋಡ್ತಾ ಕೂತ. ಅಲ್ಲಿ ಹಾಫ್ ಟೈಮ್ ಆಗಿ ಜಾಹೀರಾತು ಬರ್ತಿತ್ತು. ಜಾಹೀರಾತು ತಪ್ಪಿಸ್ಕೊಳ್ಳೋಕೆ ಅಂತ ಕೇಬಲ್ ಬಿಟ್ಟು ಬಂದವರನ್ನ ಜಾಹೀರಾತು ವಿಳಾಸ ಹುಡುಕ್ಕೊಂಡು ಇಲ್ಲಿಗೂ ಬಂದಿದೆ, ಈಗ ನಾವು ಏನು ಹುಡುಕಿದ್ವಿ ಅನ್ನೋದೂ ಅದಕ್ಕೆ ಗೊತ್ತಿದೆ. ಹೋದ ವಾರ ಸೀನ ಒಂದೇ ಒಂದು ಸಲ ಹಾಸಿಗೆ ರೇಟ್ ನೋಡಿದ್ನಂತೆ, ಆವತ್ತಿಂದ ಇಡೀ ಮನೆಗೆ ಹಾಸಿಗೆ ಜಾಹೀರಾತು. ದುಡ್ಡೇ ಬೇಡ, ಜಾಹೀರಾತು ನೋಡಿದ್ರೆ ಸಾಕು ಅನ್ನೋ, FAST ಅಂತ ಹೆಸರಿನ ಚಾನೆಲ್‌ಗಳೂ ಇವೆ ನೆಟ್ಟಲ್ಲಿ. ಅವುಗಳಲ್ಲಿ ಕೆಲವು ಒಂದೇ ಧಾರಾವಾಹೀನ ಹಗಲೂ ರಾತ್ರಿ ಸುತ್ತಿಸ್ತವೆ, ನಿದ್ದೆ ಬಾರದವರಿಗೆ ಪರವಾಗಿಲ್ಲ.

"ಆಂಟೆನಾ ಇದೆ," ಅಂದ ಸೀನ ಇದ್ದಕ್ಕಿದ್ದ ಹಾಗೆ. "ತರಿಸಿದ್ದೆ. ಆನ್‌ಲೈನಲ್ಲಿ."

ಒಳಗಿಂದ ಒಂದು ಡಬ್ಬ ತಂದ. ಒಳಗೆ ಕಾಗದದಷ್ಟು ತೆಳ್ಳಗಿನ ಒಂದು ಕಪ್ಪು ಹಾಳೆ, ಅದಕ್ಕೊಂದು ವೈರು. ಡಬ್ಬದ ಮೇಲೆ "ಡಿಜಿಟಲ್ 4ಕೆ ಎಚ್‌ಡಿ ಆಂಟೆನಾ, ರೇಂಜ್ 400 ಕಿ.ಮೀ." ಅಂತ ಬರೆದಿತ್ತು. ಮೇಷ್ಟ್ರು ಅದನ್ನ ಓದಿ ನಗೋಕೆ ಶುರು ಮಾಡಿದವರು ಕೆಮ್ಮು ಬರೋ ತನಕ ನಿಲ್ಲಿಸಲಿಲ್ಲ.

"ಆಂಟೆನಾಗೆ ಡಿಜಿಟಲ್ಲು ಅನಲಾಗು ಅಂತ ಏನು ಗೊತ್ತಪ್ಪಾ? ಅದು ಲೋಹದ ತುಂಡು, ಅಲೆ ಬಂದ್ರೆ ಹಿಡಿಯುತ್ತೆ. ಅದಕ್ಕೆ ಬೇಕಾಗಿರೋದು ಉದ್ದ. ಅಲೆಯ ಉದ್ದದಲ್ಲಿ ಅರ್ಧ. 600 ಮೆಗಾಹರ್ಟ್ಸ್ ಆದ್ರೆ ಅರ್ಧ ಅಲೆ 25 ಸೆಂಟಿಮೀಟರು. ಹಿಂದೆ 60 ಮೆಗಾಹರ್ಟ್ಸ್ ಆಸುಪಾಸಲ್ಲಿ ಬರ್ತಿದ್ದ ಚಾನೆಲ್‌ಗಳಿಗೆ ಎರಡೂವರೆ ಮೀಟರ್ ಕಡ್ಡಿ ಬೇಕಾಗ್ತಿತ್ತು, ಅದಕ್ಕೇ ಆಗಿನ ಆಂಟೆನಾ ಅಷ್ಟು ದೊಡ್ಡವು, ಕಾಗೆಗಳಿಗೂ ಅನುಕೂಲ. ಇನ್ನು 400 ಕಿಲೋಮೀಟರು! ಭೂಮಿ ಗುಂಡಗಿದೆಯಲ್ಲಪ್ಪಾ. 10 ಮೀಟರ್ ಎತ್ತರದಲ್ಲಿ ನಿಂತ್ರೆ ದಿಗಂತ ಕಾಣೋದು 11 ಕಿಲೋಮೀಟರ್‌ಗೆ. ಆ ಕಡೆ ಟವರ್ 100 ಮೀಟರ್ ಇದ್ರೆ ಅದರ ದಿಗಂತ 36. ಅಲೆ ಚೂರು ಬಾಗುತ್ತೆ ಅಂದ್ರೂ ಒಟ್ಟು ಸುಮಾರು 50. ನಿನ್ನ ಡಬ್ಬದ ಮಾತು ನಿಜ ಆಗ್ಬೇಕಾದ್ರೆ ಭೂಮೀನ ಲಟ್ಟಿಸಿ ಚಪ್ಪಟೆ ಮಾಡ್ಬೇಕು."

ಸೀನ ಡಬ್ಬ ಮುಚ್ಚಿ ಸೋಫಾ ಕೆಳಗೆ ತಳ್ಳಿದ. ಆಮೇಲೆ ಮೆಲ್ಲಗೆ, ಅಪರಾಧ ಒಪ್ಪಿಕೊಳ್ಳೋ ದನಿಯಲ್ಲಿ, "ಅಟ್ಟದ ಮೇಲೆ ಅಪ್ಪನ ಕಾಲದ್ದೂ ಒಂದಿದೆ" ಅಂದ.

ಇಳಿಸಿದ್ವಿ. ಮೀನಿನ ಮುಳ್ಳಿನ ಹಾಗಿತ್ತು, ಧೂಳು ಹಿಡಿದು ಎರಡು ಕಡ್ಡಿ ಬಾಗಿದ್ವು. ಮೇಷ್ಟ್ರ ಕಣ್ಣಲ್ಲಿ ನೀರು ಬರೋದೊಂದು ಬಾಕಿ. "ಪುಣ್ಯಕ್ಕೆ ಯುಎಚ್‌ಎಫ್‌ದು, ಆಗ್ಲೇ ಹೇಳಿದ 600 ಮೆಗಾಹರ್ಟ್ಸಿನಂಥ ಚಿಕ್ಕ ಅಲೆಗಳಿಗೆ. ಯಾಗಿ-ಉಡಾ ಅಂತ ಇದರ ಹೆಸರು, ಕಂಡುಹಿಡಿದ ಇಬ್ಬರು ಎಂಜಿನಿಯರ್‌ಗಳದ್ದು, 1926ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ನೋಡು, ಹಿಂದಿನ ಈ ಕಡ್ಡಿ ಸಿಗ್ನಲನ್ನ ವಾಪಸ್ ಮುಂದಕ್ಕೆ ತಳ್ಳುತ್ತೆ, ಮುಂದಿನ ಈ ಸಾಲು ಬಾ ಬಾ ಅಂತ ಎಳ್ಕೊಳ್ಳುತ್ತೆ, ಮಧ್ಯದ ಈ ಮಡಿಸಿದ ಕಡ್ಡಿಗೆ ಮಾತ್ರ ವೈರ್ ಕಟ್ಟೋದು, ಮಿಕ್ಕಿದ್ದಕ್ಕೆ ವೈರೇ ಇಲ್ಲ, ಸುಮ್ಮನೆ ನಿಂತೇ ಕೆಲಸ ಮಾಡ್ತವೆ. ಇದರ ಕೆಲಸ ಬಹಳಷ್ಟು ಮಾಡಿದ್ದು ಉಡಾ. ಯಾಗಿ ಹಿರಿಯ, ಅವರು ಇಂಗ್ಲಿಷಲ್ಲಿ ಬರೆದು ಲೋಕಕ್ಕೆಲ್ಲ ಗೊತ್ತು ಮಾಡಿದ್ರು, ಜನ ಯಾಗಿ ಆಂಟೆನಾ ಅಂದೇ ಕರೆದ್ರು."

"ನಮ್ಮ ಆಫೀಸಲ್ಲೂ ಹಿಂಗೇ," ಅಂದ್ಲು ಶೀಲಾ.

ಮೇಷ್ಟ್ರಿಗೆ ಹುರುಪು ಬಂದಿತ್ತು. ಸ್ಟ್ಯಾಂಡು ಹುಡುಕೋ ಹೊತ್ತಲ್ಲಿ ಇನ್ನೊಂದು ಕಥೆ ಹೇಳಿದ್ರು, ಅದು ನನಗೆ ಬಹಳ ಇಷ್ಟವಾಯ್ತು. ಕೇಬಲ್ ಟೀವಿ ಹುಟ್ಟಿದ್ದೇ ಆಂಟೆನಾದಿಂದ ಅಂತೆ. ಅಮೆರಿಕದಲ್ಲಿ 1948ರ ಹೊತ್ತಿಗೆ, ಗುಡ್ಡಗಳ ಮರೆಯಲ್ಲಿದ್ದ ಊರುಗಳಿಗೆ ಸಿಗ್ನಲ್ ಸಿಗ್ತಿರಲಿಲ್ಲ, ಟೀವಿ ಮಾರೋರಿಗೆ ವ್ಯಾಪಾರ ಇಲ್ಲ, ಆಗ ಎತ್ತರದಲ್ಲಿ ಒಂದು ದೊಡ್ಡ ಆಂಟೆನಾ ನಿಲ್ಲಿಸಿ ಅಲ್ಲಿಂದ ಮನೆಮನೆಗೆ ತಂತಿ ಎಳೆದ್ರು. ಸಮುದಾಯದ ಆಂಟೆನಾ ಅಂತಲೇ ಅದನ್ನ ಕರೀತಿದ್ರು. ಅಂದ್ರೆ ಇಷ್ಟು ವರ್ಷ ಸೀನ ದುಡ್ಡು ಕಟ್ಟಿದ್ದು ಬೇರೆಯವರ ಆಂಟೆನಾಕ್ಕೆ, ಅಟ್ಟದ ಮೇಲೆ ಸ್ವಂತದ್ದು ಮಲಗಿಸಿಟ್ಟು.

ಗುಂಡನ್ನ ಟೆರೇಸಿಗೆ ಕಳಿಸಿದ್ವಿ. ಯಾಕೆ ಗುಂಡ ಅಂದ್ರೆ, ಯಾವ ಕೆಲಸಕ್ಕೂ ಯಾಕೆ ಅಂತ ಕೇಳದೇ ಇರೋನು ನಮ್ಮಲ್ಲಿ ಅವನೊಬ್ಬನೇ. ಪಕ್ಕದವರ ಕಡ್ಡಿ ಎತ್ತ ಮುಖ ಮಾಡಿದೆಯೋ ಅತ್ತಲೇ ತಿರುಗಿಸು ಅಂತ ಹೇಳಿ ಕಳಿಸಿದ್ರು ಮೇಷ್ಟ್ರು, ಟವರ್ ಹುಡುಕೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಸೀನ ಟೀವಿಯಲ್ಲಿ ಚಾನೆಲ್ ಸ್ಕ್ಯಾನ್ ಹಾಕಿದ. ಸೊನ್ನೆ. ಇನ್ನೊಂದ್ಸಲ ಹಾಕಿದ. ಸೊನ್ನೆ.

"ಬಂತಾ...?" ಮೇಲಿಂದ.

"ಇಲ್ಲಾ...!"

ಟೀವಿಯೊಳಗೆ ಟ್ಯೂನರ್ ಇದೆಯಾ, ಇದ್ರೂ ಇಲ್ಲಿ ಪ್ರಸಾರ ಆಗೋ ಸ್ಟ್ಯಾಂಡರ್ಡಿನದ್ದೇನಾ ಅಂತ ಮೇಷ್ಟ್ರು ಟೀವಿ ಬೆನ್ನು ತಡವಿದ್ರು. ಎಟಿಎಸ್‌ಸಿ, ಡಿವಿಬಿ-ಟಿ, ಐಎಸ್‌ಡಿಬಿ-ಟಿ ಅಂತ ದೇಶಕ್ಕೊಂದು ಪಂಥ ಇದೆಯಂತೆ, ಒಂದರದ್ದು ಇನ್ನೊಂದಕ್ಕೆ ಅರ್ಥ ಆಗಲ್ಲ. ಟ್ಯೂನರ್ ಸರಿ ಇತ್ತು. ಕೊನೆಗೆ ವೈರ್ ಹಿಡ್ಕೊಂಡು ಹೊರಟ ನಾನೇ ಬಾಗಿಲ ಹಿಂದೆ ಕಳ್ಳನ್ನ ಹಿಡಿದೆ, ಕೇಬಲ್ ಇದ್ದ ಕಾಲದ ನಾಲ್ಕು ಬಾಯಿಯ ಸ್ಪ್ಲಿಟರ್ರು. ಬಂದ ಸಿಗ್ನಲ್ ನಾಲ್ಕು ಪಾಲಾಗಿ ಮೂರು ಪಾಲು ಖಾಲಿ ಗೋಡೆಗಳಿಗೆ ಹೋಗ್ತಿತ್ತು. ಅದನ್ನ ಕಿತ್ತು ನೇರ ಜೋಡಿಸಿ ಮತ್ತೆ ಸ್ಕ್ಯಾನ್ ಹಾಕಿದ್ವಿ, ಹನ್ನೊಂದು ಚಾನೆಲ್! ಮೂರನೇದ್ರಲ್ಲಿ ಮ್ಯಾಚು, ಹುಲ್ಲಿನ ಎಸಳು ಎಣಿಸೋ ಹಾಗೆ. ಸ್ಟ್ರೀಮಿಂಗಿನವರು ಹಿಂಡಿ ಕಳಿಸೋದಕ್ಕಿಂತ ಚೆನ್ನಾಗಿತ್ತು ಅಂತ ಸೀನನೂ ಒಪ್ಕೊಂಡ, ಬಾಯಲ್ಲಿ ಅಲ್ಲ.

"ಬಂತು ಗುಂಡಾ, ಬಾ ಕೆಳಗೆ!"

ಗುಂಡ ಕೈ ಬಿಟ್ಟ. ಚಿತ್ರ ಹೋಯ್ತು.

ಗುಂಡ ಕೈ ಹಿಡಿದ. ಚಿತ್ರ ಬಂತು.

ಮನುಷ್ಯನ ದೇಹವೂ ರೇಡಿಯೋ ಅಲೆಗಳ ದಾರಿ ಬದಲಿಸುತ್ತೆ, ಇದು ಫಿಸಿಕ್ಸ್, ಅದರ ಮೇಲೆ ಗುಂಡನ ದೇಹ ಸ್ವಲ್ಪ ಜಾಸ್ತಿನೇ ಇದೆ. ಹಳೇ ಅನಲಾಗ್ ಕಾಲ ಆಗಿದ್ರೆ ಸಿಗ್ನಲ್ ಕಮ್ಮಿ ಆದ್ರೂ ಚುಕ್ಕಿ ಮಳೆಯೊಳಗೆ ಆಟಗಾರರ ನೆರಳಾದ್ರೂ ಕಾಣ್ತಿತ್ತು. (ಆ ಚುಕ್ಕಿಗಳಲ್ಲಿ ಶೇಕಡಾ ಒಂದರಷ್ಟು ವಿಶ್ವ ಹುಟ್ಟಿದಾಗಿನ ಬೆಳಕಿನ ಉಳಿಕೆಯಂತೆ, ಮೇಷ್ಟ್ರು ಹೇಳಿದ್ದು, ಆಗ ಅದನ್ನ ದಿನಾ ಬೈಕೊಂಡು ನೋಡ್ತಿದ್ವಿ.) ಡಿಜಿಟಲ್ಲಿಗೆ ನಡುವಿನ ದಾರಿ ಇಲ್ಲ, ಬಂದ್ರೆ ಪೂರ್ತಿ, ಇಲ್ಲಾಂದ್ರೆ ಚೌಕ ಚೌಕ ಒಡೆದು ಬಂಡೆ ಅಂಚಿಂದ ಬಿದ್ದ ಹಾಗೆ ಒಂದೇ ಸಲ ಮಾಯ.

"ಹಂಗೇ ಹಿಡ್ಕೊಂಡಿರು ಗುಂಡಾ, ಇನ್ನೇನು ಮುಗೀತು!" ಅಂದ ಸೀನ. ಮುಗೀಲಿಲ್ಲ. ಎಕ್ಸ್‌ಟ್ರಾ ಟೈಮ್ ಬಂತು, ಅದಾದ್ಮೇಲೆ ಪೆನಾಲ್ಟಿ ಶೂಟೌಟ್. ಗುಂಡ ಆಗಾಗ "ಏನಾಯ್ತ್ರೋ" ಅಂತಿದ್ದ, ನಾವು "ಆಮೇಲೆ ಹೇಳ್ತೀವಿ" ಅಂತಿದ್ವಿ, ಮಾತಾಡಿದ್ರೆ ಅಲುಗಾಡ್ತಾನೆ ಅನ್ನೋ ಭಯ.

ಕೊನೇ ಒದೆತ. ಗೋಲಾದ್ರೆ ಉಳಿದ್ವಿ, ಇಲ್ಲಾಂದ್ರೆ ಕಪ್ ಅವರದ್ದು. ನಮ್ಮವನು ಚೆಂಡು ಎತ್ಕೊಂಡ. ಆಗಲೇ ಗುಂಡನ ಕೈ ಸೋತಿತು ಅಂತ ಕಾಣುತ್ತೆ, ಆಟಗಾರನ ತಲೆ ಒಂದು ಚೌಕ, ಕಾಲು ಒಂದು ಚೌಕ ಆಗಿ, ನೋ ಸಿಗ್ನಲ್. ಸೀನ ರಿಮೋಟಿನ ಮೇಲೆ ಬಿದ್ದು ಆಪ್ ಓಪನ್ ಮಾಡಿದ. ಚಕ್ರ ಸುತ್ತಿತು, ಹಾಸಿಗೆ ಜಾಹೀರಾತು ಐದು ಸೆಕೆಂಡು, ಆಮೇಲೆ ಮೈದಾನ ಬಂತು.

ಅಷ್ಟರಲ್ಲಿ ಮೇಲಿಂದ ಗುಂಡನ ದನಿ. ಪಕ್ಕದ ಮನೆ ಕಿಟಕಿ ಅವನಿಗೆ ಹತ್ತಿರ.

"ಆಫ್ ಮಾಡ್ರೋ, ಗೋಲ್‌ಕೀಪರ್ ಹಿಡಿದ್ಬಿಟ್ಟ."

ಯಾರೂ ಆಫ್ ಮಾಡಲಿಲ್ಲ. ನಮ್ಮ ಟೀವಿಯಲ್ಲಿ ಆಟಗಾರ ಇನ್ನೂ ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ನಿಧಾನಕ್ಕೆ ನಡ್ಕೊಂಡು ಬರ್ತಿದ್ದ. ಸೀನ ಎರಡೂ ಕೈ ಮುಗಿದು ನೆಲದ ಮೇಲೆ ಕೂತು ಹೇಳಿದ,

"ಸುಮ್ನಿರೋ ಗುಂಡಾ, ನಮ್ಮದ್ರಲ್ಲಿ ಇನ್ನೂ ಒದ್ದಿಲ್ಲ."